ಹಾಸ್ಟೆಲ್ ಕೊಠಡಿಯ ಕೆಟಲ್: ಅಪಾಯವಿರುವುದು ಗೋಡೆಯ ಸಾಕೆಟ್ಟಿನಲ್ಲಿ

ರಾತ್ರಿ ಒಂಬತ್ತಕ್ಕೆ ಮೆಸ್ಸಿನ ಬಾಗಿಲು ಮುಚ್ಚುತ್ತದೆ. ಹನ್ನೊಂದರ ಹೊತ್ತಿಗೆ ಓದುತ್ತ ಕುಳಿತವರ ಹೊಟ್ಟೆ ಚುರುಗುಟ್ಟತೊಡಗುತ್ತದೆ. ಆಗ ಮಂಚದ ಕೆಳಗಿನ ಪೆಟ್ಟಿಗೆಯಿಂದ ವಿದ್ಯುತ್ ಕೆಟಲ್ ಹೊರಬರುತ್ತದೆ. ಕಾಲೇಜು ಹಾಸ್ಟೆಲ್‌ಗಳಲ್ಲಿ ಇದು ಪರಿಚಿತ ದೃಶ್ಯ. ವಾರ್ಡನ್ ತಪಾಸಣೆಗೆ ಬಂದು ಅದನ್ನು ವಶಪಡಿಸಿಕೊಳ್ಳುವುದೂ, ಕೆಲವೇ ದಿನಗಳಲ್ಲಿ ಹೊಸದೊಂದು ಬರುವುದೂ ಅಷ್ಟೇ ಪರಿಚಿತ. ಫಲಕದ ಮೇಲೆ ನಿಷೇಧವಿರುತ್ತದೆ, ಕಾರಣವಿರುವುದಿಲ್ಲ. ಕಾರಣ ತಿಳಿಯದ ನಿಯಮವನ್ನು ಮುರಿಯುವುದು ಸುಲಭ.

ಲೆಕ್ಕ ಸರಳ

ನಮ್ಮಲ್ಲಿ ಗೃಹಬಳಕೆಯ ವಿದ್ಯುತ್ತಿನ ಒತ್ತಡ 230 ವೋಲ್ಟ್. ಉಪಕರಣದ ಮೇಲೆ ನಮೂದಿಸಿದ ವ್ಯಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಅದು ಎಷ್ಟು ಆಂಪಿಯರ್ ವಿದ್ಯುತ್ ಎಳೆಯುತ್ತದೆ ಎಂಬುದು ಸುಮಾರಾಗಿ ತಿಳಿಯುತ್ತದೆ. 700 ವ್ಯಾಟ್‌ನ ಅನ್ನದ ಕುಕ್ಕರ್‌ಗೆ 3 ಆಂಪಿಯರ್, 1,500 ವ್ಯಾಟ್‌ನ ಕೆಟಲ್‌ಗೆ 6.5, 2,000 ವ್ಯಾಟ್‌ನ ಇಂಡಕ್ಷನ್ ಒಲೆಗೆ 8.7 ಆಂಪಿಯರ್ ಬೇಕು. ಸಾಮಾನ್ಯ ಲ್ಯಾಪ್‌ಟಾಪ್‌ಗೆ ಅರ್ಧ ಆಂಪಿಯರ್ ಕೂಡ ಬೇಕಾಗುವುದಿಲ್ಲ.

ಓದುಮೇಜಿನ ಪಕ್ಕದ ಸಣ್ಣ ಸಾಕೆಟ್ 6 ಆಂಪಿಯರ್‌ಗಾಗಿ, ಅಂದರೆ 1,380 ವ್ಯಾಟ್‌ಗಾಗಿ ರೂಪಿಸಿದ್ದು. ಹೆಚ್ಚು ವಿದ್ಯುತ್ ಬೇಡುವ ಉಪಕರಣಗಳಿಗೆ 16 ಆಂಪಿಯರ್‌ನ ದಪ್ಪ ಪಿನ್ನಿನ ಪ್ಲಗ್ ಇರುತ್ತದೆ. ಅದು ಸಣ್ಣ ಸಾಕೆಟ್‌ಗೆ ಹೊಂದದಿರುವುದು ದೋಷವಲ್ಲ, ರಕ್ಷಣೆ. ಅಂಗಡಿಯಲ್ಲಿ ದೊರೆಯುವ ಪರಿವರ್ತಕ ಪ್ಲಗ್ ಆ ರಕ್ಷಣೆಯನ್ನೇ ಇಲ್ಲವಾಗಿಸುತ್ತದೆ.

ಬಿಸಿ ಏರುವ ಬಗೆ

ತಂತಿಯಲ್ಲಿ ಹುಟ್ಟುವ ಶಾಖವು ಅದರಲ್ಲಿ ಹರಿಯುವ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ವಿದ್ಯುತ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಕೆಟಲ್ ಮತ್ತು ಕುಕ್ಕರನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿದರೆ ಅದರ ತೆಳು ತಂತಿಯ ಮೂಲಕ 9.5 ಆಂಪಿಯರ್ ಹರಿಯಬೇಕಾಗುತ್ತದೆ. ಪಿನ್ನು ಸಡಿಲವಾಗಿದ್ದಲ್ಲಿ ಬಿಸಿಯೆಲ್ಲ ಆ ಒಂದು ಬಿಂದುವಿನಲ್ಲೇ ಕೇಂದ್ರೀಕೃತವಾಗುತ್ತದೆ. ಸಾಕೆಟ್ಟಿನ ಮೇಲಿನ ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇದರ ಮುನ್ಸೂಚನೆಗಳು.

‘ಎಂಸಿಬಿ ಇದೆಯಲ್ಲ’ ಎಂಬ ಧೈರ್ಯವೂ ಸಲ್ಲದು. ನಿಗದಿತ ಪ್ರಮಾಣದ 1.45 ಪಟ್ಟು ವಿದ್ಯುತ್ ಹರಿದರೂ ಸಂಪರ್ಕ ಕಡಿಯಲು ಅದಕ್ಕೆ ಮಾನದಂಡವು ಒಂದು ಗಂಟೆಯವರೆಗೆ ಅವಕಾಶ ನೀಡಿದೆ. ಸಡಿಲ ಪಿನ್ನಿನ ಬಿಸಿಯಂತೂ ಅದರ ಅರಿವಿಗೇ ಬರುವುದಿಲ್ಲ. ಅಲ್ಲಿ ಹರಿಯುವ ವಿದ್ಯುತ್ ಮಿತಿಯೊಳಗೇ ಇರುತ್ತದೆ.

600 ವ್ಯಾಟ್‌ನ ಸಣ್ಣ ಕೆಟಲ್ ಇಟ್ಟುಕೊಂಡವರು ತಮಗೆ ಈ ಮಾತು ಅನ್ವಯಿಸದು ಎನ್ನಬಹುದು. ಅವರ ಸಾಕೆಟ್‌ಗೆ ಅದು ಹೊರೆಯಲ್ಲ, ನಿಜ. ಆದರೆ ಒಂದು ಮಹಡಿಯ 20 ಕೊಠಡಿಗಳಲ್ಲಿ ಏಕಕಾಲಕ್ಕೆ ಅಂಥ ಕೆಟಲ್‌ಗಳು ಕುದಿಯತೊಡಗಿದರೆ ಬೇಡಿಕೆ 12 ಕಿಲೋವ್ಯಾಟ್ ಮುಟ್ಟುತ್ತದೆ. ದೀಪ, ಫ್ಯಾನುಗಳನ್ನಷ್ಟೇ ಲೆಕ್ಕಹಾಕಿ ವೈರಿಂಗ್ ಮಾಡಿದ ಹಳೆಯ ಕಟ್ಟಡಕ್ಕೆ ಇದು ದೊಡ್ಡ ಭಾರ.

ಕೆಟಲ್ ಪಾತ್ರೆಯಲ್ಲ

ನೀರು ಕುದಿದಾಗ ಏಳುವ ಹಬೆ ಒಳಗಿನ ಲೋಹದ ಪಟ್ಟಿಯನ್ನು ಬಾಗಿಸುವುದರಿಂದ ಕೆಟಲ್ ತಾನಾಗಿ ಆರುತ್ತದೆ. ನೂಡಲ್ಸ್ ಬೇಯಿಸಲು ಮುಚ್ಚಳ ತೆರೆದಿಟ್ಟರೆ ಹಬೆ ಆ ಪಟ್ಟಿಯನ್ನು ತಲುಪದೆ ಹೊರಹೋಗುತ್ತದೆ, ಕೆಟಲ್ ಕುದಿಯುತ್ತಲೇ ಇರುತ್ತದೆ. ಹಾಲು ಕಾಯಿಸಿದರೆ ಉಕ್ಕಿ ಸ್ವಿಚ್ಚಿನೊಳಗೆ ಇಳಿಯಬಹುದು, ತಳಕ್ಕೂ ಹತ್ತಬಹುದು. ಕೆಟಲ್ ಹಚ್ಚಿಟ್ಟು ನಿದ್ರೆಗೆ ಜಾರಿದವರ ಪಕ್ಕದಲ್ಲಿ ಹಾಸಿಗೆ, ಪುಸ್ತಕ, ಪರದೆಗಳಿರುತ್ತವೆ ಎಂಬುದನ್ನು ಮರೆಯಬಾರದು.

ಪರಿಹಾರವೇನು?

ಬರಿಯ ನಿಷೇಧದಿಂದ ಹಸಿವು ಇಂಗದು. ಮುಟ್ಟುಗೋಲಿನ ಭಯ ಉಪಕರಣವನ್ನು ಮಂಚದ ಕೆಳಗೆ, ಬಟ್ಟೆಗಳ ನಡುವೆ ಅಡಗಿಸುತ್ತದೆ. ಇದರಿಂದ ಅಪಾಯ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಪ್ರತಿ ಮಹಡಿಯಲ್ಲೂ ಒಂದು ಸಣ್ಣ ಸಾಮೂಹಿಕ ಅಡುಗೆಕೋಣೆ, ಅದಕ್ಕೆ ಪ್ರತ್ಯೇಕ ವಿದ್ಯುತ್ ಮಾರ್ಗ, 16 ಆಂಪಿಯರ್ ಸಾಕೆಟ್‌ಗಳು, 30 ಮಿಲಿಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಸಾಧನ, ಸರಿಯಾದ ಅರ್ತಿಂಗ್: ಇವಿಷ್ಟಿದ್ದರೆ ನಿಯಮವನ್ನು ಪಾಲಿಸುವುದು ಸುಲಭವಾಗುತ್ತದೆ. ಮೆಸ್ಸಿನಲ್ಲಿ ರಾತ್ರಿ ಬಿಸಿನೀರು ಇರಿಸಿದರೂ ಅರ್ಧ ಸಮಸ್ಯೆ ಬಗೆಹರಿದಂತೆ.

ಅನುಮತಿ ಇರುವೆಡೆ ಐಎಸ್‌ಐ ಗುರುತಿನ ಉಪಕರಣವನ್ನೇ ಕೊಳ್ಳಬೇಕು, ನೇರವಾಗಿ ಗೋಡೆಯ ಸಾಕೆಟ್‌ಗೆ ಜೋಡಿಸಬೇಕು, ಪ್ಲಗ್ ಬಿಸಿಯಾದರೆ ಕೂಡಲೇ ನಿಲ್ಲಿಸಬೇಕು. ಕಿಡಿ ಕಂಡರೆ ಮೊದಲು ಮುಖ್ಯ ಸ್ವಿಚ್ ಆರಿಸಬೇಕೇ ವಿನಾ ನೀರು ಸುರಿಯಬಾರದು. ಮಕ್ಕಳನ್ನು ಹಾಸ್ಟೆಲ್‌ಗೆ ಸೇರಿಸುವ ಪಾಲಕರು ಶುಲ್ಕ, ಊಟದ ಜೊತೆಗೆ ಕಟ್ಟಡದ ವೈರಿಂಗ್ ಕುರಿತೂ ಒಂದು ಪ್ರಶ್ನೆ ಕೇಳುವುದು ಒಳಿತು.