ಕಜ್ಜಲ ಮತ್ತು ಕಜ್ಜಲಿ: ವೈದ್ಯಗ್ರಂಥಗಳ ಹಸ್ತಪ್ರತಿಗಳಲ್ಲಿ ಇಂಗಾಲ ಹಾಗೂ ಪಾದರಸ

ವೈದ್ಯಶಾಸ್ತ್ರಕ್ಕೆ ಜೈನಾಚಾರ್ಯರೂ ಕವಿಗಳೂ ಸಲ್ಲಿಸಿರುವ ಸೇವೆ ವಿದ್ವಾಂಸರಿಗೆ ಸುವಿದಿತವಾಗಿದೆ. ಉಗ್ರಾದಿತ್ಯಾಚಾರ್ಯರ ಸಂಸ್ಕೃತ ‘ಕಲ್ಯಾಣಕಾರಕ’ವು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು, ಅದರಲ್ಲಿ ರಸರಸಾಯನಕ್ಕೆಂದೇ ಒಂದು ಅಧಿಕಾರವುಂಟು. ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಇಂತಹ ಗ್ರಂಥಗಳನ್ನು ಪರಿಷ್ಕರಿಸುವಾಗ ಪಾದರಸ ಮತ್ತು ಇಂಗಾಲಗಳನ್ನು ಸೂಚಿಸುವ ಶಬ್ದಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅವಶ್ಯಕ.

ಪಾದರಸ ಮತ್ತು ಗಂಧಕಗಳ ಸಂಯುಕ್ತವಾದ ಹಿಂಗುಲಕ್ಕೆ ಕನ್ನಡದಲ್ಲಿ ಇಂಗಳಿಕವೆಂದು ಹೆಸರು. ಇಂಗಳವಾದರೋ ಕೆಂಡ, ಅದರ ಪ್ರಾಕೃತ ರೂಪ ಇಂಗಾಲ. ಇಂದಿನ ರಸಾಯನಶಾಸ್ತ್ರದ ಪರಿಭಾಷೆಯಲ್ಲಿಯೂ ಇದೇ ರೂಪವು ಸಲ್ಲುತ್ತದೆ. ಶಬ್ದಗಳು ಸಮೀಪವಾದರೂ ಪದಾರ್ಥಗಳು ಭಿನ್ನ. ವಟ್ಟಕೇರಾಚಾರ್ಯರ ‘ಮೂಲಾಚಾರ’ವು ಹಿಂಗುಲವನ್ನು ಪೃಥ್ವೀಕಾಯದಲ್ಲಿಯೂ ಇಂಗಾಲವನ್ನು, ಅಂದರೆ ಉರಿಯುವ ಕೆಂಡವನ್ನು, ತೇಜಸ್ಕಾಯದಲ್ಲಿಯೂ ಎಣಿಸಿದೆ.

ಇದಕ್ಕಿಂತ ಹೆಚ್ಚಿನ ತೊಡಕು ಕಜ್ಜಲ, ಕಜ್ಜಲಿ ಎಂಬ ಶಬ್ದಗಳಲ್ಲಿದೆ. ಇವೆರಡಕ್ಕೂ ಇರುವ ಅಂತರ ಒಂದು ಗುಡಿಸು ಮಾತ್ರ. ಓಲೆ ಸವೆದಲ್ಲಿ ಅದು ಸುಲಭವಾಗಿ ಅಳಿಯುತ್ತದೆ. ದೀಪದ ಹೊಗೆಯಿಂದ ಸಂಗ್ರಹಿಸಿದ ಕಾಡಿಗೆಯೇ ಕಜ್ಜಲ. ಅದು ಬಹುಮಟ್ಟಿಗೆ ಇಂಗಾಲ. ಕಂಠದಿಂದ ಕೊರೆದ ಓಲೆಯ ಅಕ್ಷರಗಳಿಗೆ ತುಂಬುವ ಮಸಿಯೂ ಇದೇ. ಕಜ್ಜಲಿಯಾದರೋ ಶುದ್ಧ ಪಾರದ ಮತ್ತು ಗಂಧಕಗಳನ್ನು ಖಲ್ವದಲ್ಲಿ ಮರ್ದಿಸಿ, ಪಾರದದ ಹೊಳಪು ಸಂಪೂರ್ಣವಾಗಿ ಅಡಗುವವರೆಗೆ ಅರೆದು ಪಡೆದ ಕಪ್ಪು ಚೂರ್ಣ. ಬಣ್ಣದ ಸಾದೃಶ್ಯದಿಂದ ಈ ಹೆಸರು ಬಂದಿದೆಯೇ ಹೊರತು ಅದರಲ್ಲಿ ಇಂಗಾಲವಿಲ್ಲ. ಕಜ್ಜಲಿಯನ್ನು ಕಾಚದ ಕೂಪಿಯಲ್ಲಿಟ್ಟು ವಾಲುಕಾಯಂತ್ರದಲ್ಲಿ ಪಾಕಮಾಡಿದರೆ ಕೆಂಪಾದ ರಸಸಿಂದೂರವು ದೊರೆಯುತ್ತದೆ. ಕಜ್ಜಲವನ್ನು ಗಾಳಿಯಲ್ಲಿ ಸುಟ್ಟರೆ ಅದರ ಇಂಗಾಲವು ವಾಯುರೂಪದಲ್ಲಿ ಹೊರಟುಹೋಗುತ್ತದೆ.

ಪಾದರಸವೂ ಶುದ್ಧ ಇಂಗಾಲವೂ ಸಾಮಾನ್ಯವಾಗಿ ನೇರವಾಗಿ ಸಂಯೋಗ ಹೊಂದುವುದಿಲ್ಲ. ರಸಪಾಕದಲ್ಲಿ ಇದ್ದಿಲು ಶಾಖವನ್ನಷ್ಟೇ ಒದಗಿಸುತ್ತದೆ. ಆದರೆ ನೀರಿನ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಪಾದರಸವನ್ನು ಇಂಗಾಲಯುಕ್ತವಾದ ಮೀಥೈಲ್ ಪಾದರಸವಾಗಿ ಮಾರ್ಪಡಿಸಬಲ್ಲವು. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಗುರುತಿಸಲಾದ ನರರೋಗಕ್ಕೆ ಕಾರಣವಾದದ್ದು ಮೀಥೈಲ್ ಪಾದರಸವೇ. ಅಲ್ಲಿ ಅದು ಕಾರ್ಖಾನೆಯ ತ್ಯಾಜ್ಯದಿಂದ ಸಮುದ್ರವನ್ನು ಸೇರಿ, ಮೀನುಗಳ ಮೂಲಕ ಮನುಷ್ಯರ ದೇಹವನ್ನು ಹೊಕ್ಕಿತು. ಕಜ್ಜಲಿಯನ್ನಾಗಲಿ ಹಿಂಗುಲವನ್ನಾಗಲಿ ಈ ವರ್ಗಕ್ಕೆ ಸೇರಿಸಲಾಗದು. ಹಾಗೆಂದು ಅವು ನಿರಪಾಯಕರವೆಂದೂ ಹೇಳಲಾಗದು.

ಆದುದರಿಂದ ಪಾಠನಿರ್ಣಯಕ್ಕೆ ಪ್ರಕ್ರಿಯೆಯೇ ಪ್ರಮಾಣವಾಗಬೇಕು. ದೀಪ, ಎಣ್ಣೆ, ಬತ್ತಿಗಳ ಪ್ರಸ್ತಾಪವಿದ್ದಲ್ಲಿ ‘ಕಜ್ಜಲ’ವೂ ರಸ, ಗಂಧಕ, ಖಲ್ವಗಳ ಪ್ರಸ್ತಾಪವಿದ್ದಲ್ಲಿ ‘ಕಜ್ಜಲಿ’ಯೂ ಯುಕ್ತಪಾಠ. ನೇತ್ರರೋಗದ ಅಂಜನಯೋಗದಲ್ಲಿ ಒಂದು ಗುಡಿಸನ್ನು ತಪ್ಪಾಗಿ ಸೇರಿಸಿದರೆ, ಮುದ್ರಿತ ಗ್ರಂಥವನ್ನು ನಂಬಿದವನ ಕಣ್ಣಿಗೆ ಕಾಡಿಗೆಯ ಬದಲು ಪಾದರಸವು ಬೀಳುತ್ತದೆ. ಸಂದೇಹವಿರುವಲ್ಲಿ ಪ್ರತಿಯ ಪಾಠವನ್ನು ಮೌನವಾಗಿ ತಿದ್ದದೆ, ಎರಡು ಪಾಠಗಳನ್ನೂ ಅಡಿಟಿಪ್ಪಣಿಯಲ್ಲಿ ತೋರಿಸುವುದು ಸಂಪಾದಕನ ಧರ್ಮ.