ಬೇಟೆಯ ದೋಣಿಯಲ್ಲಿ ಕ್ಯಾಮೆರಾ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಂದೊಡನೆ ಹಾಸುಗಲ್ಲಿನ ಗಣಿಗಳೂ, ಸಿಮೆಂಟು ಕಾರ್ಖಾನೆಗಳೂ, ತೊಗರಿಯ ಹೊಲಗಳೂ ನೆನಪಾಗುವುದು ಸಹಜ. ಆದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಬದಿಯಲ್ಲಿ ಹರಿಯುವ ಕಾಗಿಣಾ ನದಿಯೂ, ಚಿಂಚೋಳಿಯ ಕಾಡಿನ ಮಡಿಲಲ್ಲಿರುವ ಚಂದ್ರಂಪಳ್ಳಿ ಜಲಾಶಯವೂ ಇದೇ ಸೀಮೆಯವು. ನೀರಿದ್ದೆಡೆ ಹಕ್ಕಿಗಳಿರುತ್ತವೆ, ಹಕ್ಕಿಗಳಿದ್ದೆಡೆಗೆ ಕ್ಯಾಮೆರಾ ಹಿಡಿದವರು ಬಂದೇ ಬರುತ್ತಾರೆ.

ದಡದಲ್ಲಿ ನಿಂತವನಿಗೆ ಬಹುಮಟ್ಟಿಗೆ ದಕ್ಕುವುದು ಹಾರಿಹೋಗುವ ಹಕ್ಕಿಯ ಬೆನ್ನು ಮಾತ್ರ. ನೆಟ್ಟಗೆ ನಿಂತ ಮನುಷ್ಯನ ಆಕೃತಿಯನ್ನು ಬೆಳ್ಳಕ್ಕಿ ದೂರದಿಂದಲೇ ಗುರುತಿಸಿಬಿಡುತ್ತದೆ. ಕಯಾಕಿನ ಹಿರಿಮೆ ಇಲ್ಲಿದೆ. ಎರಡೂ ತುದಿಗೆ ಅಲಗುಳ್ಳ ಒಂದೇ ಹುಟ್ಟಿನಿಂದ ಸಾಗುವ ಈ ಕಿರಿದಾದ ದೋಣಿಯಲ್ಲಿ ಕುಳಿತವನು ನೀರಿಗೆ ತೀರ ಸಮೀಪದಲ್ಲಿರುತ್ತಾನೆ. ಯಂತ್ರದ ಸದ್ದೂ ಇಲ್ಲ. ಎತ್ತರದಿಂದ ತೆಗೆದ ಚಿತ್ರದಲ್ಲಿ ಹಕ್ಕಿ ನೀರಿಗೆ ಅಂಟಿಸಿದಂತೆ ತೋರುತ್ತದೆ; ನೀರಿನ ಮಟ್ಟದಿಂದ ತೆಗೆದದ್ದರಲ್ಲಾದರೋ ಅದರ ಕಣ್ಣು ನಮ್ಮ ಕಣ್ಣಿಗೆ ಸರಿಸಮನಾಗಿ ನಿಂತು, ಹಿನ್ನೆಲೆಯು ಮಸುಕಾಗಿ ದೂರ ಸರಿಯುತ್ತದೆ. ತೂಗಾಡುವ ದೋಣಿಯಲ್ಲಿ ಮುಕ್ಕಾಲಿಗೆ ಎಡೆಯಿಲ್ಲ. ಮೊಣಕೈಗಳನ್ನು ಮೊಣಕಾಲಿಗೆ ಊರಿ, ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ವೇಗಕ್ಕೆ ಕ್ಯಾಮೆರಾವನ್ನು ಹೊಂದಿಸಬೇಕು. ಹಕ್ಕಿಯತ್ತ ನೇರವಾಗಿ ನುಗ್ಗದೆ, ಓರೆಯಾಗಿ ಸಾಗಿ, ಹುಟ್ಟನ್ನು ನಿಲ್ಲಿಸಿ ದೋಣಿ ತಾನೇ ತೇಲುವಂತೆ ಬಿಡುವುದೇ ಜಾಣತನ.

ಈ ನಿಶ್ಶಬ್ದದ ಹಿಂದೊಂದು ಇತಿಹಾಸವಿದೆ. ಉತ್ತರ ಧ್ರುವದ ಸೀಮೆಯ ಇನ್ಯೂಟ್ ಮೊದಲಾದ ಜನರು ಕಯಾಕನ್ನು ಬಳಸಿದ್ದು ಸೀಲ್ ಮುಂತಾದ ಪ್ರಾಣಿಗಳ ಬೇಟೆಗೆ. ಅಮೆರಿಕದ ಜಾರ್ಜ್ ಶೈರಸ್ ಎಂಬ ವಕೀಲರೂ ಮೊದಲು ಬೇಟೆಗಾರರೇ. ಅವರು ಬಂದೂಕನ್ನು ಬಿಟ್ಟು, ಕಯಾಕಿನ ಹತ್ತಿರದ ಸಂಬಂಧಿಯಾದ ಕೆನೂ ದೋಣಿಯಲ್ಲಿ ಕುಳಿತು, ರಾತ್ರಿಯ ವೇಳೆ ಜಿಂಕೆಗಳ ಚಿತ್ರ ತೆಗೆದರು. 1906ರ ಜುಲೈನಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ ಅವರ 74 ಚಿತ್ರಗಳನ್ನು ಪ್ರಕಟಿಸಿತು.

ಬಂದೂಕು ಹೋಯಿತು, ಅಪಾಯ ಹೋಗಲಿಲ್ಲ. ನಮ್ಮ ನಾಡಿನಲ್ಲಿ ದೋಣಿಯಿಂದ ಹಕ್ಕಿಗಳ ಚಿತ್ರ ತೆಗೆಯುವುದಕ್ಕೆ ಹೆಸರಾದದ್ದು ಲಕ್ಕವಳ್ಳಿಯ ಭದ್ರಾ ಜಲಾಶಯ. ಬೇಸಗೆಯಲ್ಲಿ ನೀರಿಳಿದು ತಲೆಯೆತ್ತುವ ನಡುಗಡ್ಡೆಗಳ ಮೇಲೆ ರೀವ ಹಕ್ಕಿಗಳು ಬರಿಯ ನೆಲದಲ್ಲೇ ಮೊಟ್ಟೆಯಿಡುತ್ತವೆ. ದೋಣಿ ಅತಿ ಸಮೀಪಿಸಿ ತಾಯಿ ಬೆದರಿ ಎದ್ದರೆ, ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಇಲ್ಲವೇ ಕಾಗೆಯ ಪಾಲಾಗುತ್ತದೆ. ಕಲಬುರಗಿಯ ಸೀಮೆಯಲ್ಲಂತೂ ಬೇಸಗೆಯ ತಾಪ 40 ಡಿಗ್ರಿಯನ್ನು ಮೀರುತ್ತದೆ. ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭದ ಪಾಲಿಗೆ ಅಲ್ಲಿ ಹತ್ತು ನಿಮಿಷದ ಗಾಬರಿಯೂ ದುಬಾರಿಯಾದೀತು.

ಆದುದರಿಂದ ಹಕ್ಕಿಯ ಭಾಷೆಯನ್ನು ಕಲಿಯುವುದೇ ಛಾಯಾಗ್ರಾಹಕನ ಮೊದಲ ಪಾಠ. ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿದರೆ, ದೋಣಿ ಅಲ್ಲೇ ನಿಲ್ಲಬೇಕು. ಕೂಗಿ ಮೇಲೆದ್ದರೆ, ಹಿಂದೆ ಸರಿಯಬೇಕು. ಗೂಡಿನ ಕಾಲದಲ್ಲಿ ಆ ಕಡೆಗೆ ಹೋಗದಿರುವುದೇ ಲೇಸು. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗಿದೆ. 1972ರ ವನ್ಯಜೀವಿ ಕಾಯಿದೆಯಂತೆ ಅಲ್ಲಿ ಚಿತ್ರ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ತೇಲುಕವಚ ತೊಡದೆ, ಜೊತೆಗಾರರಿಲ್ಲದೆ ನೀರಿಗಿಳಿಯುವುದೂ ಸಲ್ಲದು.

ಚಿತ್ರ ಹೇಗೆ ಬಂತೆಂದು ಮನೆಯವರೆಲ್ಲ ಕೇಳುವುದುಂಟು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ದೋಣಿ ಮರಳಿದಾಗ ಹಕ್ಕಿ ತನ್ನ ಜಾಗದಲ್ಲೇ ಕುಳಿತಿತ್ತೆ?