ಮಿಠಾಯಿ ಸಾಹುಕಾರ ಕಟ್ಟಿಸಿಕೊಟ್ಟ ಹೆಣ್ಣುಮಕ್ಕಳ ಶಾಲೆ

1880ರಲ್ಲಿ ಮೆಲ್ಬರ್ನ್‌ನ ಫಿಟ್ಜ್‌ರಾಯ್ ಬಡಾವಣೆಯ ಮನೆಯೊಂದರ ಬಚ್ಚಲಿನಲ್ಲಿ ಮ್ಯಾಕ್‌ಫರ್ಸನ್ ರಾಬರ್ಟ್‌ಸನ್ ಎಂಬ ತರುಣ ಸಕ್ಕರೆ ಪಾಕ ಕಾಯಿಸತೊಡಗಿದ. ಮೊಳೆ ತುಂಬಿ ಬರುತ್ತಿದ್ದ ಹಳೆಯ ಡಬ್ಬವೇ ಒಲೆ. ಆ ಮಿಠಾಯಿಯನ್ನು ತಾನೇ ಹೊತ್ತು ಮಾರಿದ. ಐವತ್ತು ವರ್ಷ ಕಳೆಯುವಷ್ಟರಲ್ಲಿ ಆ ವ್ಯಾಪಾರ ಆಸ್ಟ್ರೇಲಿಯಾದ ಅತಿ ದೊಡ್ಡ ಚಾಕೊಲೇಟ್ ಕಂಪನಿಗಳಲ್ಲಿ ಒಂದಾಗಿತ್ತು. ಕಾರ್ಖಾನೆಗೆಲ್ಲ ಬಿಳಿ ಬಣ್ಣ, ಯಜಮಾನನಿಗೂ ಬಿಳಿ ಸೂಟು. ಕಪ್ಪೆಯಾಕಾರದ ಫ್ರೆಡ್ಡೊ ಚಾಕೊಲೇಟ್ ಅಲ್ಲಿಯದೇ. ಮೊದಲು ಇಲಿಯ ಆಕಾರ ಕೊಡುವ ಯೋಚನೆಯಿತ್ತಂತೆ. ಇಲಿ ಕಂಡರೆ ಹೆಂಗಸರು, ಮಕ್ಕಳು ಹೆದರುತ್ತಾರೆ ಎಂದು ಕೆಲಸದ ಹುಡುಗನೊಬ್ಬ ತಡೆದ!

1934ರಲ್ಲಿ ಬರಲಿದ್ದ ನೂರು ವರ್ಷದ ಸಂಭ್ರಮಕ್ಕೆ ಮೆಲ್ಬರ್ನ್ ಅಣಿಯಾದಾಗ ಈ ಸಾಹುಕಾರ ಒಂದು ಲಕ್ಷ ಪೌಂಡ್ ದಾನ ಕೊಟ್ಟ. ಲಂಡನ್‌ನಿಂದ ಮೆಲ್ಬರ್ನ್‌ವರೆಗಿನ ವಿಮಾನ ಪಂದ್ಯ, ಒಂದು ಸೇತುವೆ, ಒಂದು ಕಾರಂಜಿ ಎಲ್ಲವೂ ಅದರಲ್ಲೇ ಆದವು. ದೊಡ್ಡ ಪಾಲು, 40,000 ಪೌಂಡ್, ಹೋದದ್ದು ನೆಲೆಯಿಲ್ಲದ ಒಂದು ಸರ್ಕಾರಿ ಹೆಣ್ಣುಮಕ್ಕಳ ಶಾಲೆಗೆ. ಅದೇ ಇಂದಿನ ಮ್ಯಾಕ್‌ರಾಬರ್ಟ್‌ಸನ್ ಗರ್ಲ್ಸ್ ಹೈಸ್ಕೂಲ್. ಊರವರ ಬಾಯಲ್ಲಿ ‘ಮ್ಯಾಕ್‌ರಾಬ್’.

ನೆಲೆಯಿಲ್ಲದ ಎಂದದ್ದು ಅತಿಶಯವಲ್ಲ. ವಿಕ್ಟೋರಿಯಾ ರಾಜ್ಯದಲ್ಲಿ ಪ್ರೌಢಶಿಕ್ಷಣವೆಂದರೆ ಖಾಸಗಿ ಶಾಲೆಗಳ ಸ್ವತ್ತು ಎಂಬಂತಿದ್ದ ಕಾಲ. ಸರ್ಕಾರ ಹೈಸ್ಕೂಲು ತೆರೆಯುತ್ತದೆಂದರೆ ಆ ಶಾಲೆಗಳವರು ಸುಮ್ಮನಿರುವವರಲ್ಲ. ಶಿಕ್ಷಣ ಇಲಾಖೆಯ ಮುಖ್ಯಸ್ಥ ಫ್ರಾಂಕ್ ಟೇಟ್ ಜಾಣತನದಿಂದ, ಮುಂದೆ ಶಿಕ್ಷಕರಾಗುವವರ ತಯಾರಿಗೆಂದು ಹೇಳಿ, 1905ರಲ್ಲಿ ಸ್ಪ್ರಿಂಗ್ ಸ್ಟ್ರೀಟ್‌ನ ಹಳೆಯ ಕಟ್ಟಡದಲ್ಲಿ ‘ಕಂಟಿನ್ಯುಯೇಷನ್ ಸ್ಕೂಲ್’ ಶುರುಮಾಡಿದರು. ಮ್ಯಾಕ್‌ರಾಬ್‌ನ ಬೇರು ಅಲ್ಲಿದೆ. ಹುಡುಗರೂ ಹುಡುಗಿಯರೂ ಒಟ್ಟಿಗೇ ಕಲಿತರು. 1927ರಲ್ಲಿ ಹುಡುಗರಿಗೆ ಸೌತ್ ಯಾರಾ ಗುಡ್ಡದ ಮೇಲೆ ಕೋಟೆಯಂಥ ಹೊಸ ಕಟ್ಟಡ ಸಿಕ್ಕಿತು. ಹುಡುಗಿಯರ ಪಾಲಿಗೆ ಉಳಿದದ್ದು ಅದೇ ಶಿಥಿಲ ಗೋಡೆಗಳು. ಅಲ್ಲಿ ಕೂರುವುದೇ ಅಪಾಯ ಎಂದಾದ ಮೇಲೆ ಅವರನ್ನು ಕಳಿಸಿದ್ದು ಎಲ್ಲಿಗೆ? ಖಾಲಿ ಬಿದ್ದಿದ್ದ ಗವರ್ನರ್ ಬಂಗಲೆಗೆ! ಶತಮಾನೋತ್ಸವಕ್ಕೆ ರಾಜಮನೆತನದ ಅತಿಥಿ ಬರುವ ಸುದ್ದಿಯಾಗಿ ಬಂಗಲೆ ಬೇಕಾಯಿತು. ಮತ್ತೆ ಎತ್ತಂಗಡಿ.

ಹಾಗಾಗಿ ಸಾಹುಕಾರನ ದಾನದಲ್ಲಿ ಎದ್ದ ಶಾಲೆಯ ಕಟ್ಟಡದ ಮುಂದೆ ನಿಂತು ನೋಡಬೇಕಾದ್ದಿದೆ. ಸ್ಪರ್ಧೆಯಲ್ಲಿ ಗೆದ್ದ ನಾರ್ಮನ್ ಸೀಬ್ರೂಕ್ ಇನ್ನೂ ಮೂವತ್ತು ದಾಟದ ವಾಸ್ತುಶಿಲ್ಪಿ. ಯುರೋಪ್ ಸುತ್ತಿ, ಡಚ್ ವಾಸ್ತುಶಿಲ್ಪಿ ಡುಡೋಕ್‌ನ ಕೆಲಸವನ್ನು ಕಣ್ತುಂಬಿಕೊಂಡು ಬಂದಿದ್ದ. ಕೆನೆಬಣ್ಣದ ಇಟ್ಟಿಗೆ, ಚೌಕಚೌಕವಾಗಿ ಪೇರಿಸಿದಂಥ ಗೋಡೆಗಳು, ಉದ್ದಕ್ಕೂ ಓಡುವ ಕಿಟಕಿ ಸಾಲು, ಒಂದು ಗಡಿಯಾರದ ಗೋಪುರ. ಬೆಳಕು, ಗಾಳಿಗೆ ಬರವಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಇದನ್ನೂ ಸೇನೆ ವಶಪಡಿಸಿಕೊಂಡಿತ್ತು. ಹುಡುಗಿಯರು ಇನ್ನೊಮ್ಮೆ ಪುಸ್ತಕ ಕಟ್ಟಿದರು.

ಈಗಿನ ಪಾಡು ಬೇರೆ. ಇಲ್ಲಿರುವುದು ಒಂಬತ್ತರಿಂದ ಹನ್ನೆರಡನೇ ತರಗತಿ ಮಾತ್ರ. ಎಂಟನೇ ತರಗತಿಯಲ್ಲಿದ್ದಾಗ, ಜೂನ್‌ನಲ್ಲಿ, ಗಣಿತ, ಓದು, ತರ್ಕ, ಬರವಣಿಗೆಯ ಪ್ರವೇಶ ಪರೀಕ್ಷೆ. ನಮ್ಮ ನವೋದಯ ಪರೀಕ್ಷೆಗೆ ಮಕ್ಕಳನ್ನು ಕೂರಿಸಿದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಟ್ಯೂಷನ್ ಅಂಗಡಿಗಳು, ಅಣಕು ಪರೀಕ್ಷೆಗಳು, ಅಪ್ಪ ಅಮ್ಮಂದಿರ ನಿದ್ದೆಗೆಟ್ಟ ವಾರಗಳು. ವಲಸೆ ಬಂದ ಏಷ್ಯಾದ ಕುಟುಂಬಗಳಲ್ಲಂತೂ ಈ ಶಾಲೆಯ ಹೆಸರು ಜಪವೇ ಆಗಿದೆ. ಫೀಸು ತೆರಲಾಗದವರಿಗಾಗಿ ಹುಟ್ಟಿದ ಶಾಲೆಯ ಬಾಗಿಲಿಗೆ ಟ್ಯೂಷನ್ ಫೀಸು ತೆತ್ತು ಬರಬೇಕಾಗಿರುವುದು ನನಗಂತೂ ಸರಿಕಾಣದು. ಹಾಗೆಂದು ಪರೀಕ್ಷೆ ತೆಗೆದರೆ ಶ್ರೀಮಂತ ಬಡಾವಣೆಯ ಮಕ್ಕಳಿಗೇ ಅನುಕೂಲ ಎಂಬ ವಾದವನ್ನೂ ತಳ್ಳಿಹಾಕುವಂತಿಲ್ಲ.

ಒಂದು ನಿಯಮ ಮಾತ್ರ ಮೆಚ್ಚುವಂಥದ್ದು. ಯಾವುದೇ ಒಂದು ಶಾಲೆಯ ಎಂಟನೇ ತರಗತಿಯಿಂದ ಸಾಮಾನ್ಯವಾಗಿ ಶೇ 5ಕ್ಕಿಂತ ಹೆಚ್ಚು ಮಕ್ಕಳನ್ನು ಪರೀಕ್ಷೆ ನಡೆಸಿ ಆರಿಸಿಕೊಳ್ಳುವ ಇಂಥ ಶಾಲೆಗಳು ಸೆಳೆದುಕೊಳ್ಳುವಂತಿಲ್ಲ. ಉಳಿದ ಶಾಲೆಗಳು ಬರಿದಾಗದಿರಲಿ ಎಂಬುದು ಉದ್ದೇಶ. ಹೀಗಾಗಿ ಮೊದಲ ದಿನ ಬರುವವರಲ್ಲಿ ಬಹುತೇಕರಿಗೆ ಹಳೆಯ ಗೆಳತಿಯರ ಗುಂಪಿಲ್ಲ. ನಗರದ ಮೂಲೆಮೂಲೆಯಿಂದ ರೈಲು, ಟ್ರಾಮ್ ಹಿಡಿದು ಬಂದವರು. ತಂತಮ್ಮ ಶಾಲೆಯಲ್ಲಿ ಮೊದಲ ಸಾಲಿನವರು. ಇಲ್ಲಿ ಅಂಥವರದೇ ಒಂದು ತರಗತಿ. ಗಣಿತದಲ್ಲಿ ಯಾವತ್ತೂ ಎರಡನೆಯವಳಾಗದ ಹುಡುಗಿ ಇಲ್ಲಿ ಹದಿನೆಂಟನೆಯವಳಾದರೂ ಅಚ್ಚರಿಯಿಲ್ಲ. ಮನೆಯಲ್ಲಿ ಅದನ್ನು ಹೇಗೆ ಹೇಳುವುದು ಎಂಬುದು ಯಾವ ಪ್ರವೇಶ ಪರೀಕ್ಷೆಯಲ್ಲೂ ಬಾರದ ಪ್ರಶ್ನೆ.